ಮಿಲ್ ದುರುಗಪ್ಪನ ಖಾತೆ

ನಮ್ಮ ಮಾವ, ಅಂದರೆ ಅಕ್ಕನ ಗಂಡ ದುರುಗಪ್ಪ, ಉಂಡ ತಾಟನ್ನು ಎಂದೂ ಎತ್ತಿದವನಲ್ಲ. ಉಂಡಾದ ಮೇಲೆ ತಾಟಿನಲ್ಲೇ ಕೈ ತೊಳೆದು, ಧೋತರಕ್ಕೆ ಒರೆಸಿಕೊಂಡು ಎದ್ದುಬಿಡುತ್ತಿದ್ದ. ನಮ್ಮ ಕಡೆ ಬಹಳ ಗಂಡಸರು ಹಾಗೇ, ನಾನೇನು ಸಾಚಾ ಅಂತ ಹೇಳುತ್ತಿಲ್ಲ. ಆದರೆ ಮಾವನದು ಒಂದು ತೂಕ ಜಾಸ್ತಿ. ಒಂದು ಸಲ ನನ್ನ ಅಕ್ಕ ಮುದುಕಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಳು. ಸುದ್ದಿ ತಿಳಿದು ನಾನು ಸಿಂಧನೂರಿನಿಂದ ಮಸ್ಕಿಗೆ ಓಡಿ ಬಂದರೆ, ಕೈಗೆ ಪಟ್ಟಿ ಹಾಕಿಸಿಕೊಂಡು ಕೂತ ಹೆಂಗಸಿನ ಮುಂದೆ ಇವನು ಬೆಳಿಗ್ಗೆ ಉಂಡ ತಾಟು ಅಗಳು ಒಣಗಿಸಿಕೊಂಡು ಹಾಗೇ ಬಿದ್ದಿತ್ತು. ನನಗೆ ಸಿಟ್ಟು ಬಂತು.

"ಮಾವ, ಒಂದು ತಾಟು ತೊಳದ್ರ ನಿಮ್ಮ ಕೈ ಸವದು ಹೋಗ್ತಾವೇನ್ರಿ?" ಎಂದೆ.

"ಲೇ ಗಾದಿಲಿಂಗ, ಇದು ಮಿಲ್ಲಿನಾಗ ನೂಲು ಹಿಡದ ಕೈ. ಎಂಜಲ ತಾಟು ಮುಟ್ಟೋ ಕೈ ಅಲ್ಲ" ಎಂದ.

ಪಕ್ಕದ ಮನೆಯ ಚಾಂದ್‌ಬೀ ಬಂದು ಗೊಣಗುತ್ತಾ ತಾಟು ತೊಳೆದಿಟ್ಟು ಹೋದಳು. ಆ ಕೈ ನೋಡಿಯೇ ನಮ್ಮಪ್ಪ ಅವನಿಗೆ ಹೆಣ್ಣು ಕೊಟ್ಟದ್ದು.

ನಮ್ಮದು ಲಿಂಗಸುಗೂರು. ಮಸ್ಕಿಯಿಂದ ಹೆಣ್ಣು ಕೇಳಲು ಬಂದವರಿಗೆ ಹೊಲ ಎಷ್ಟು ಎಂದು ನಮ್ಮಪ್ಪ ಕೇಳಿದರೆ, ಅವರು ಹೊಲದ ಮಾತನ್ನು ಬದಿಗೆ ಸರಿಸಿ, "ಹುಡುಗ ಸೊಲ್ಲಾಪುರದಾಗ ಅದಾನ್ರಿ, ಬಟ್ಟಿ ಮಿಲ್ಲಿನಾಗ" ಎಂದರು. ಆ ಕಾಲಕ್ಕೆ ಬಟ್ಟೆ ಮಿಲ್ಲಿನ ಕೆಲಸ ಎಂದರೆ ಸರಕಾರಿ ನೌಕರಿಯ ತಮ್ಮನಿದ್ದ ಹಾಗೆ. ಹುಡುಗ ಕೆಂಪು ಚಾದರವೊಂದನ್ನು ಬಗಲಲ್ಲಿ ಹಿಡಿದುಕೊಂಡು ಬಂದಿದ್ದ. ಅಂಚಿಗೆ ಸಾಲು ನವಿಲು. ನಮ್ಮವ್ವನ ಮುಂದೆ ಬಿಚ್ಚಿ, "ಇದು ನಾನೇ ನೇಯ್ದದ್ರಿ ಅತ್ತಿ" ಎಂದ. ನಮ್ಮವ್ವ ಅದನ್ನು ಕೆನ್ನೆಗೆ ಒತ್ತಿ ನೋಡಿ ಒಳಗೆ ಹೋದಳು, ಸಕ್ಕರೆ ತಂದಳು, ಮಾತು ಮುಗಿಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಮ್ಮ ಅಕ್ಕನ ಮದುವೆ ಒಂದೇ ಸುಳ್ಳಿಗೆ ಆಗಿಹೋಗಿತ್ತು. ಅದು ನಮಗೆ ತಿಳಿದದ್ದು ಮಾತ್ರ ಮೊನ್ನೆ ಮೊನ್ನೆ, ಮೊಮ್ಮಕ್ಕಳು ಬೆಳೆದು ನಿಂತ ಮೇಲೆ.

ಮದುವೆಯಾದ ಮೇಲೂ ಮಾವ ಸೊಲ್ಲಾಪುರದಲ್ಲೇ ಇದ್ದ. ಅಕ್ಕ ಮಸ್ಕಿಯಲ್ಲಿ ಅತ್ತೆಯ ಹತ್ತಿರ. ಪಂಚಮಿಗೆ, ದೀಪಾವಳಿಗೆ ಬರುವಾಗ ಒಂದೊಂದು ಚಾದರ ತರುತ್ತಿದ್ದ. ಆಮೇಲೆ ಮಿಲ್ಲು ಮುಚ್ಚಿತು ಎಂದು ಊರಿಗೆ ಬಂದು, ಗೊಬ್ಬರದ ಅಂಗಡಿಯೊಂದಕ್ಕೆ ಕಾವಲುಗಾರನಾಗಿ ನಿಂತ. ಕೆಲಸ ಕಾವಲಿನದಾದರೂ ಹೆಸರು ಮಾತ್ರ ಮಿಲ್ ದುರುಗಪ್ಪ. ಮಸ್ಕಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಜವಳಿ ತೆಗೆಯಲು ಹೋಗುವಾಗ ಅವನನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಅಂಗಡಿಯಲ್ಲಿ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ, ಕಣ್ಣು ಮುಚ್ಚಿ, "ಬಣ್ಣ ಬಿಡ್ತೈತಿ, ಬ್ಯಾಡ" ಎಂದರೆ ಮುಗಿಯಿತು, ಬೀಗರು ಎದುರು ಮಾತಾಡುತ್ತಿರಲಿಲ್ಲ. ಸಿಂಧನೂರಿನ ಎಪಿಎಂಸಿಯ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ನಾನು ಕೂಡ, ಭತ್ತದ ಚೀಲಗಳ ನಡುವೆ ಕೂತು, "ನಮ್ಮ ಮಾವ ಬಟ್ಟಿ ಮಿಲ್ಲಿನಾಗ ಇದ್ದವ, ನಿಮ್ಮಂಗ ಅಕ್ಕಿ ಮಿಲ್ಲಿನಾಗ ಅಲ್ಲ" ಎಂದು ಹಮಾಲರ ಮುಂದೆ ಮೀಸೆ ತಿರುವಿದ್ದುಂಟು.

ಈಗ ಮೊಮ್ಮಗಳು ಭಾರತಿಯ ವಿಷಯ. ಮಾವನ ಮಗನ ಮಗಳು, ಅಜ್ಜಿ ತಾತನ ಹತ್ತಿರವೇ ಇದ್ದುಕೊಂಡು ಸರಕಾರಿ ಹೈಸ್ಕೂಲಿನಲ್ಲಿ ಓದುತ್ತಾಳೆ. ಅವರಿಗೆ ಸಮಾಜ ವಿಜ್ಞಾನ ಹೇಳುವ ನಾಸೀರ್ ಸರ್ ಕೈಗಾರಿಕೆಯ ಪಾಠ ತೆಗೆದಿದ್ದರು. ಜವಳಿ ಗಿರಣಿ ಎಂದರೆ ಏನು ಎಂದು ಕೇಳಿದ್ದಕ್ಕೆ ಒಬ್ಬ ಹುಡುಗ ಎದ್ದು, ಜವಳಿ ಅಂಗಡಿಯ ಪಕ್ಕದಲ್ಲಿರುವ ಹಿಟ್ಟಿನ ಗಿರಣಿ ಎಂದನಂತೆ. ಸರ್ ತಲೆ ಚಚ್ಚಿಕೊಂಡು ಒಂದು ಉಪಾಯ ಮಾಡಿದರು. ಸೊಲ್ಲಾಪುರದ ಒಂದು ಕನ್ನಡ ಶಾಲೆಯಲ್ಲಿ ಅವರ ಗೆಳೆಯರೊಬ್ಬರು ಮಾಸ್ತರು. ಆ ಶಾಲೆಗೆ ಹಳೆಯ ಮಿಲ್ ಕಾರ್ಮಿಕರೊಬ್ಬರನ್ನು ಕರೆಸಿ, ವಿಡಿಯೊ ಕಾಲ್ ಹಚ್ಚಿ, ಎರಡೂ ಊರಿನ ಮಕ್ಕಳಿಗೆ ಒಟ್ಟಿಗೆ ಪಾಠ. ಭಾರತಿ ಸುಮ್ಮನಿರುತ್ತಾಳೆಯೇ? "ಸರ್, ನಮ್ಮ ತಾತನೂ ಸೊಲ್ಲಾಪುರದ ಮಿಲ್ಲಿನಾಗ ಇದ್ದ" ಎಂದು ಕೈಯೆತ್ತಿದಳು. ಸರ್ ಹಿಗ್ಗಿ ಹೀರೇಕಾಯಿಯಾಗಿ, ತಾತನನ್ನೂ ಪಾಠಕ್ಕೆ ಕರೆದುಕೊಂಡು ಬಾ ಎಂದರು.

ವಿಡಿಯೊ ಪಾಠದ ದಿನ ನಾನು ಮಸ್ಕಿಗೆ ಬಂದದ್ದೇ ಈ ತಮಾಷೆ ನೋಡಲು. ಬಂದು ನೋಡಿದರೆ ಮಾವ ಮುಸುಕು ಹಾಕಿಕೊಂಡು ಮಲಗಿದ್ದ.

"ಜ್ವರ ಬಂದಾವಲೇ" ಎಂದ.

ಹಣೆ ಮುಟ್ಟಿದೆ. ಗಡಿಗೆಯ ನೀರಿನ ಹಾಗೆ ತಣ್ಣಗಿತ್ತು.

"ಹುಡುಗಿಗೆ ಹೇಳು, ತಾತಗ ಏನೂ ನೆನಪಿಲ್ಲ ಅಂತ."

"ಜವಳಿಗೆ ಹೋದಾಗ ಎಲ್ಲಾ ನೆನಪಿರ್ತೈತಿ, ಸಾಲಿಗೆ ಅಂದ್ರ ಮರತು ಹೋಗ್ತೈತೇನ್ರಿ? ಹುಡುಗಿ ಊರ ತುಂಬ ಹೇಳ್ಯಾಳ. ನೀವು ಬರ್ಲಿಲ್ಲಂದ್ರ ಆಕಿ ಇಜ್ಜತ್ತು ಏನಾಗಬೇಕು?"

ಹೀಗೆ ಅಂದವನು ನಾನೇ. ಅಕ್ಕನೂ ಬಿಡಲಿಲ್ಲ. ಪೆಟ್ಟಿಗೆಯಿಂದ ಆ ನವಿಲಿನ ಚಾದರ ತೆಗೆದು, ಕೊಡವಿ, ಮಡಿಚಿ ಅವನ ಕೈಗಿಟ್ಟಳು. ನಲವತ್ತು ವರ್ಷ ಡಾಂಬರು ಗುಳಿಗೆ ಹಾಕಿ ಕಾಪಾಡಿದ ಚಾದರ ಅದು. "ಇದನ್ನ ತೋರಸ್ರಿ. ಆ ಊರಿನವರೂ ನೋಡ್ಲಿ, ಕೈಗುಣ ಎಂಥಾದ್ದಿತ್ತಂತ" ಎಂದಳು. ಮಾವ ಅವಳ ಮುಖವನ್ನೂ ನನ್ನ ಮುಖವನ್ನೂ ಒಮ್ಮೆ ನೋಡಿ ಎದ್ದ. ದಾರಿಯುದ್ದಕ್ಕೂ ನಿಧಾನವಾಗಿ ಒಂದೊಂದೇ ಹೆಜ್ಜೆ ಇಟ್ಟ. ನಾನು ಅದನ್ನು ಗತ್ತು ಎಂದುಕೊಂಡೆ. ನನ್ನಂಥ ಬೇಕೂಫ ಇನ್ನೊಬ್ಬನಿಲ್ಲ.

ಶಾಲೆಯಲ್ಲಿ ಗೋಡೆಯ ಮೇಲಿನ ದೊಡ್ಡ ಟಿವಿಗೆ ನಾಸೀರ್ ಸರ್ ತಮ್ಮ ಫೋನು ಜೋಡಿಸಿದ್ದರು. ಎದುರಿಗೆ ಎರಡು ಕುರ್ಚಿ, ಒಂದರಲ್ಲಿ ಮಾವ, ಇನ್ನೊಂದರಲ್ಲಿ ನಾನು. ಮಾವ ಚಾದರವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಭಾರತಿ ಮೊದಲ ಸಾಲಿನಲ್ಲಿ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ ಹಾಕಿಕೊಂಡು, ಇಡೀ ಕ್ಲಾಸಿಗೆ ತಾನೇ ಒಡತಿ ಅನ್ನುವ ಹಾಗೆ ಕೂತಿದ್ದಳು.

ಟಿವಿಯಲ್ಲಿ ಒಂದು ಮುಖ ಕಂಡಿತು. ಬಿಳಿ ಟೊಪ್ಪಿಗೆ, ಬಿಳಿ ಗಡ್ಡ. ಹೆಸರು ಇಸ್ಮಾಯಿಲ್‌ಸಾಬ್. ಪಕ್ಕದಲ್ಲಿ ಅವರ ಮೊಮ್ಮಗಳು ಶಾಕೀರಾ, ಅದೇ ಶಾಲೆಯ ಹುಡುಗಿ. ಅಜ್ಜನಿಗೆ ಕಿವಿ ಮಂದ. ನಾವು ಹೇಳಿದ್ದು ಕೇಳಿಸದಿದ್ದರೆ ಅವಳು ಮುಖ ತಿರುಗಿಸಿ ತುಟಿ ಅಲ್ಲಾಡಿಸುತ್ತಿದ್ದಳು, ಸದ್ದೇ ಇಲ್ಲದೆ. ಅಜ್ಜ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು.

"ಮಗ್ಗದ ಸಪ್ಪಳದಾಗ ಮಾತು ಕೇಳಸ್ತಿದ್ದಿಲ್ಲ ಮಕ್ಕಳಿರಾ. ನಾವೆಲ್ಲಾ ಬಾಯಿ ನೋಡೇ ಮಾತಾಡ್ತಿದ್ವಿ. ಮಿಲ್ಲು ಹೋತು, ಕಿವಿ ಹೋತು, ಇದೊಂದು ಉಳಕೊಂಡೈತಿ" ಎಂದು ಅವರು ನಕ್ಕರು.

ಮನುಷ್ಯ ಚೆನ್ನಾಗಿ ಹೇಳಿದರು. ನಮ್ಮ ಕಡೆಯ ಹೊಲದ ಹತ್ತಿ ಗಂಟು ಗಂಟಾಗಿ ರೈಲು ಹತ್ತಿ ಹೇಗೆ ಬರುತ್ತಿತ್ತು, ಅದನ್ನು ಹಿಂಜುವುದು, ನೂಲುವುದು, ನೇಯುವುದು ಎಲ್ಲ ಒಂದೇ ಗೋಡೆಯೊಳಗೆ ಹೇಗೆ ನಡೆಯುತ್ತಿತ್ತು. ಬೆಳಿಗ್ಗೆ ಮಿಲ್ಲಿನ ಸೈರನ್ನು, ಅವರ ಮಾತಿನಲ್ಲಿ ಭೋಂಗಾ, ಕೂಗಿದರೆ ಇಡೀ ಓಣಿ ಎದ್ದು ಓಡುತ್ತಿತ್ತಂತೆ. ಹತ್ತಿಯ ಧೂಳು ಹುಬ್ಬಿನ ಮೇಲೆ ಕೂತು, ಹರೆಯದವರೂ ಮುದುಕರ ಹಾಗೆ ಕಾಣುತ್ತಿದ್ದರಂತೆ. ಆ ಧೂಳೇ ಎದೆಗಿಳಿದು ಗೆಳೆಯರು ಒಬ್ಬೊಬ್ಬರೇ ಕೆಮ್ಮಿ ಹೋದರು ಎಂದಾಗ ಮಕ್ಕಳು ಕಾಲು ಅಲ್ಲಾಡಿಸುವುದನ್ನೂ ನಿಲ್ಲಿಸಿದರು. ನಾನು ಹೆಮ್ಮೆಯಿಂದ ಮಾವನ ಕಡೆ ನೋಡಿದೆ. ಅವನು ಚಾದರದ ನವಿಲನ್ನು ಉಗುರಿನಿಂದ ಕೆರೆಯುತ್ತಿದ್ದ.

ಆಮೇಲೆ ನಾಸೀರ್ ಸರ್, "ಅಜ್ಜಾರೇ, ನಮ್ಮ ಊರಾಗೂ ನಿಮ್ಮಂಥವರು ಒಬ್ಬರು ಅದಾರ" ಎಂದು ಫೋನನ್ನು ಮಾವನ ಕಡೆ ತಿರುಗಿಸಿದರು. ಅಲ್ಲಿ ಇಸ್ಮಾಯಿಲ್‌ಸಾಬರ ಮುಖ ಅರಳಿತು. ಎದ್ದು ನಿಂತು ಸಲಾಮು ಮಾಡಿದರು.

"ಅರೇ ಭಾಯಿ, ನಮ್ಮ ಮಂದಿ ಸಿಕ್ಕಾರಲ್ಲ. ಯಾವ ಖಾತೆ ನಿಮ್ದು?"

ಮಾವ ಗಂಟಲು ಸರಿ ಮಾಡಿಕೊಂಡ. "ಖಾತೆ ಗ್ರಾಮೀಣ ಬ್ಯಾಂಕಿನಾಗ ಐತ್ರಿ. ಮುದುಕರ ಪಗಾರ ಅದರಾಗ ಬರ್ತೈತಿ" ಎಂದ.

ಕ್ಲಾಸು ಗೊಳ್ಳೆಂದಿತು. ಅದು ಚೇಷ್ಟೆಯ ಮಾತು ಎಂದು ನಾನೂ ನಕ್ಕೆ. ಶಾಕೀರಾ ಅಜ್ಜನ ಕಡೆ ತಿರುಗಿ ತುಟಿ ಅಲ್ಲಾಡಿಸಿದಳು. ಇಸ್ಮಾಯಿಲ್‌ಸಾಬ್ ನಗಲಿಲ್ಲ. ಮಾವನ ಮುಖವನ್ನು ಹತ್ತಿರದಿಂದ ನೋಡುವವರ ಹಾಗೆ ಮುಂದೆ ಬಾಗಿದರು. ಬಾಯಿ ನೋಡಿ ಮಾತು ತಿಳಿಯುವ ಮನುಷ್ಯನಿಗೆ ಮುಖ ಓದುವುದು ಏನು ಕಷ್ಟ? ದನಿ ಇಳಿಸಿ, "ಹಾಂ, ನೀವು ಬದಲಿ ಇದ್ರೇನೋ" ಎಂದರು.

ಅದು ಅವರು ಇಳಿಬಿಟ್ಟ ಹಗ್ಗ. ಹಿಡಿದುಕೊಂಡಿದ್ದರೆ ಮೇಲೆ ಬರಬಹುದಿತ್ತು. ಮಾವನಿಗೆ ಅದು ಹಗ್ಗ ಅಂತಲೂ ತಿಳಿಯಲಿಲ್ಲ.

"ಇಲ್ರಿ, ನಮಗ ಬದ್ಲಿ ಏನೂ ಆಗ್ಲಿಲ್ಲ. ಇರೋತನಕ ಅದೇ ಊರಾಗೇ ಇದ್ದೆ" ಎಂದ, ಮಾಸ್ತರಿಗೋ ಪೊಲೀಸರಿಗೋ ವರ್ಗ ಆಗುತ್ತದಲ್ಲ, ಹಾಗೆ.

ಶಾಕೀರಾ ಇನ್ನೂ ಸಣ್ಣವಳು, ಪಾಪ, ತಿಳಿಸಿ ಹೇಳಲು ಹೋದಳು. "ಅಜ್ಜಾರೇ, ಖಾತೆ ಅಂದ್ರ ಬ್ಯಾಂಕಿಂದಲ್ಲ. ಮಿಲ್ಲಿನಾಗ ನೂಲೋ ಕಡೆಗೆ ಒಂದು ಖಾತೆ, ನೇಯೋ ಕಡೆಗೆ ಒಂದು ಖಾತೆ ಅಂತಿರ್ತೈತಿ. ಬದಲಿ ಅಂದ್ರ ಯಾರರೆ ಕೆಲಸಕ್ಕ ಬರದಿದ್ರ ಅವರ ಜಾಗಕ್ಕ ಹೋಗಾವರು, ದಿನಾ ಗೇಟಿನಾಗ ನಿಂತು ಕಾಯ್ತಿರ್ತಾರ. ಮಿಲ್ಲಿನಾಗ ಒಂದು ದಿನ ಕೆಲಸ ಮಾಡಿದವರಿಗೂ ಇದು ಗೊತ್ತಿರ್ತೈತಿ, ಹೌದಲ್ಲೋ ಅಜ್ಜಾ?"

ಅಜ್ಜ ಅವಳ ತುಟಿ ನೋಡಿದರು. "ಭಾಳ ದಿನ ಆತಲ್ಲ, ಮರತಿರ್ತಾರ. ಚಾದರ ಭಾಳ ಛಲೋ ಐತಿ ಭಾಯಿ" ಎಂದರು. ಆ ಮರ್ಯಾದೆಯ ಮಾತು ಕಪಾಳಕ್ಕೆ ಹೊಡೆದದ್ದಕ್ಕಿಂತ ಜೋರಾಗಿ ಬಿತ್ತು. ಮಕ್ಕಳಿಗೆ ಎಲ್ಲ ತಿಳಿಯಿತು. ಈ ಸಲ ಒಬ್ಬರೂ ನಗಲಿಲ್ಲ. ಹಿಂದಿನ ಸಾಲಿನಿಂದ ಮಾತ್ರ ಯಾರೋ ಮೆಲ್ಲಗೆ, "ಗ್ರಾಮೀಣ ಬ್ಯಾಂಕ್ ದುರುಗಪ್ಪ" ಎಂದರು. ನಾಸೀರ್ ಸರ್ ನೆಟ್‌ವರ್ಕ್ ಹೋಯಿತು ಎಂದು ಫೋನು ಕತ್ತರಿಸಿದರು. ನೆಟ್‌ವರ್ಕ್ ಎಲ್ಲಿಯೂ ಹೋಗಿರಲಿಲ್ಲ.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಚಿಕೆ ಮಾವನದು, ಸುಳ್ಳು ಮಾವನದು, ಆದರೆ ಬೆವರು ನನ್ನ ಕುತ್ತಿಗೆಯಲ್ಲಿ ಇಳಿಯುತ್ತಿತ್ತು. ಮುಂಜಾನೆ ಅವನ ಮುಸುಕು ಎಳೆದವನು ನಾನಲ್ಲವೇ? ಭಾರತಿ ಕತ್ತು ಬಗ್ಗಿಸಿ ಪೆನ್ನಿನ ಮುಚ್ಚಳ ಕಚ್ಚುತ್ತಿದ್ದಳು. ತಾತನ ಕಡೆ ಒಮ್ಮೆಯೂ ನೋಡಲಿಲ್ಲ.

ಗಂಟೆ ಹೊಡೆಯಿತು, ಬಿಸಿಯೂಟದ ಹೊತ್ತು. ನಮ್ಮನ್ನೂ ಊಟಕ್ಕೆ ಕರೆದರು, ಇಬ್ಬರೂ ಒಲ್ಲೆವೆಂದೆವು. ಭಾರತಿ ತಾಟು ತುಂಬ ಅನ್ನ ಸಾರು ಹಾಕಿಸಿಕೊಂಡಳು, ಅದರಲ್ಲಿ ಬೆರಳಾಡಿಸಿದಳು, ಅರ್ಧಕ್ಕೇ ಬಿಟ್ಟು ನಳದ ಕಟ್ಟೆಯ ಮೇಲೆ ತಾಟು ಕುಕ್ಕಿ ಹೊರಟುಹೋದಳು. ಶಾಲೆಯಲ್ಲಿ ಅವರವರ ತಾಟು ಅವರವರೇ ತೊಳೆಯಬೇಕು.

ನಾನು ಆಟದ ಬಯಲಿನ ಕಡೆ ನೋಡುತ್ತಾ ನಿಂತಿದ್ದೆ. ತಿರುಗಿ ನೋಡಿದರೆ ಮಾವ ಚಾದರವನ್ನು ಕಟ್ಟೆಯ ಮೇಲಿಟ್ಟು, ನಳದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಭಾರತಿಯ ತಾಟು ಅವನ ಕೈಯಲ್ಲಿತ್ತು. ಎಂಜಲು ಬದಿಗೆ ಬಿದ್ದದ್ದು, ತಾಟು ಒಂದು ಸುತ್ತು ತಿರುಗಿದ್ದು, ನೀರು ಹಾರಿ ಅದು ಹೊಳೆದದ್ದು, ಎಲ್ಲ ಕಣ್ಣು ಮುಚ್ಚಿ ತೆರೆಯುವುದರೊಳಗೆ. ಪಕ್ಕದಲ್ಲಿ ಮಕ್ಕಳು ತೊಳೆಯಲೆಂದು ಇಟ್ಟ ಇನ್ನೊಂದು ತಾಟು ತಾನಾಗಿಯೇ ಅವನ ಕೈಗೆ ಬಂತು. ಮತ್ತೊಂದು. ಕೈ ಓಡುತ್ತಿತ್ತು. ಅಕ್ಕನ ಕೈ ಮುರಿದಾಗಲೂ ತಾಟು ಮುಟ್ಟದ ಮನುಷ್ಯ.

"ಎದ್ದೇಳ್ರಿ ಮಾವ, ಮಂದಿ ನೋಡಾಕತ್ತಾರ" ಎಂದೆ.

"ನೋಡ್ಲಿ ಬಿಡು. ಇದು ನನ್ನ ಖಾತೆ ಗಾದಿಲಿಂಗ."

"ಏನಂದ್ರಿ?"

"ಮಿಲ್ಲಿನ ಗೇಟಿನತನಕ ಹೋಗಲೇ ಇಲ್ಲ. ಸೊಲ್ಲಾಪುರ ಟೇಶನ್ನಿನ ಹಂತ್ಯಾಕ ಒಂದು ಖಾನಾವಳಿ. ರೈಲು ಇಳದ ದಿನ ಹಸಿವಾಗಿತ್ತು, ಊಟ ಹಾಕಿದ್ರು, ತಾಟು ತೊಳೀ ಅಂದ್ರು. ತೊಳದೆ. ನಾಳೆ ಮಿಲ್ಲಿಗೆ ಹೋಗೂನು, ನಾಡದು ಹೋಗೂನು ಅನಕೊಂತ ಅಲ್ಲೇ ಉಳದೆ. ಊರಿಗೆ ಏನಂತ ಹೇಳ್ಲಿ? ಮಂದಿ ಎಂಜಲ ತೊಳೀತಾನ ಅಂದ್ರ ನಿಮ್ಮಪ್ಪ ಹೆಣ್ಣು ಕೊಡ್ತಿದ್ನೇನು?"

"ಮತ್ತ ಚಾದರ?"

"ಬಜಾರದಾಗ ಸಿಗ್ತಾವಲೋ."

ನಾನು ಬಾಯಿಬಡಕ ಎಂದು ಸಿಂಧನೂರಿನ ಇಡೀ ಮಾರ್ಕೆಟ್ ಯಾರ್ಡಿಗೆ ಹೆಸರುವಾಸಿ. ಊರಿಗೆ ಬಂದಾಕಿ ನೀರಿಗೆ ಬರದೇ ಇರುತ್ತಾಳೆಯೇ ಎಂಬ ಗಾದೆಯನ್ನು ಎಷ್ಟು ಜನರ ಮುಂದೆ ಹೇಳಿದ್ದೇನೋ. ನಮ್ಮ ಮಾವ ನೀರಿಗೆ ಬರಲು ಇಷ್ಟು ವರ್ಷ ತೆಗೆದುಕೊಂಡ.

ಅಷ್ಟರಲ್ಲಿ ಭಾರತಿ ಓಡಿ ಬಂದಳು. ಅವಳ ಹಿಂದೆ ಗೆಳತಿಯರು ನಿಂತು ನೋಡುತ್ತಿದ್ದರು. ತಾತನ ಪಕ್ಕದಲ್ಲಿದ್ದ ತನ್ನ ತಾಟನ್ನು ಕಸಿದುಕೊಂಡಳು.

"ನನ್ನ ತಾಟು ನಾ ತೊಳಕೋತೀನಿ. ನೀ ಮನಿಗೆ ಹೋಗು ತಾತ" ಎಂದಳು. ತೊಳೆದ ತಾಟನ್ನೇ ಮತ್ತೆ ನಳದ ಕೆಳಗೆ ಹಿಡಿದು, ಅಳುತ್ತಾ ತೊಳೆದಳು. ಮಾವ ಒದ್ದೆ ಕೈಯನ್ನು ಎಲ್ಲಿ ಒರೆಸಿಕೊಳ್ಳುವುದು ಎಂದು ತಿಳಿಯದವನ ಹಾಗೆ ಸ್ವಲ್ಪ ಹೊತ್ತು ನಿಂತಿದ್ದ.

ಮನೆಗೆ ಬರುವಷ್ಟರಲ್ಲಿ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು.

"ಚಾದರ ತೋರಿಸಿದ್ರೇನು? ಏನಂದ್ರು?"

ದಾರಿಯಲ್ಲಿ ನಾನು ಒಂದು ಸುಳ್ಳು ಹೊಂದಿಸಿಕೊಂಡು ಬಂದಿದ್ದೆ. ನೆಟ್‌ವರ್ಕ್ ಸಿಗಲಿಲ್ಲ ಎನ್ನುವುದು. ಬಾಯಿ ತೆರೆಯುವುದರೊಳಗೆ ಮಾವನೇ ಹೇಳಿಬಿಟ್ಟ. ಚಪ್ಪಲಿ ಕೂಡ ಬಿಟ್ಟಿರಲಿಲ್ಲ, ಅಂಗಳದಲ್ಲಿ ನಿಂತೇ ಹೇಳಿದ. "ಮುದುಕಮ್ಮ, ನಾ ಮಿಲ್ಲಿನಾಗ ಇದ್ದಿದ್ದಿಲ್ಲ. ಚಾದರ ನಾ ನೇಯ್ದದ್ದಲ್ಲ. ಖಾನಾವಳ್ಯಾಗ ತಾಟು ತೊಳೀತಿದ್ದೆ. ಸಾಲ್ಯಾಗ ಎಲ್ಲಾರ ಮುಂದ ಗೊತ್ತಾತು. ನಾಳೆ ಊರಿಗೆಲ್ಲಾ ಗೊತ್ತಾಗ್ತೈತಿ."

ಅಕ್ಕ ಅವನ ಕೈಯಿಂದ ಚಾದರ ಇಸಿದುಕೊಂಡಳು. ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ, ಊರ ಮಂದಿಗೆ ಹೇಗೆ ಮುಖ ತೋರಿಸಲಿ ಅನ್ನುತ್ತಾಳೆ ಎಂದು ನಾನು ಕಾದೆ. ಅವಳು ಮಿಲ್ಲಿನ ಮಾತೂ ಎತ್ತಲಿಲ್ಲ, ಚಾದರದ ಮಾತೂ ಎತ್ತಲಿಲ್ಲ. ಮುರಿದು ಸೊಟ್ಟಗೆ ಕೂಡಿಕೊಂಡ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅವನನ್ನು ನೋಡಿದಳು.

"ತಾಟು ತೊಳ್ಯಾಕ ಬರ್ತಿತ್ತೇನು ನಿಮಗ?" ಎಂದಳು.

ಮಾವ ಚಪ್ಪಲಿ ಬಿಟ್ಟು ಪಡಸಾಲೆಯ ಅಂಚಿಗೆ ಕೂತ.

ಅವಳು ಒಳಗೆ ಹೋಗಿ ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಬಂದು ಇಬ್ಬರಿಗೂ ಇಟ್ಟಳು. ಹಸಿದವರಿಗೆ ಹಾಕಬೇಕಾದದ್ದನ್ನು ಹಾಕಿದಳು, ಅಷ್ಟೆ. ಮಾವ ತುತ್ತು ತುತ್ತಿಗೂ ನೀರು ಕುಡಿದು ಊಟ ಮುಗಿಸಿದ. ತಾಟಿನಲ್ಲಿ ಕೈ ತೊಳೆಯಲಿಲ್ಲ. ತಾಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಚ್ಚಲ ಕಡೆಗೆ ಎದ್ದ.

"ಇಡ್ರಿ ಕೆಳಗ" ಎಂದಳು ಅಕ್ಕ, ಕೂತಲ್ಲಿಂದಲೇ.

"ನಾ ತೊಳೀತೀನಿ."

"ಬ್ಯಾಡ. ನನ್ನ ಕೈ ಮುರದಾಗ ತೊಳೀಬೇಕಿತ್ತು. ಇಡ್ರಿ."

ಮಾವ ಇಟ್ಟ. ಅಕ್ಕ ನನ್ನ ತಾಟನ್ನು ಎತ್ತಿಕೊಂಡು ಹೋದಳು, ಅವನದನ್ನು ಮುಟ್ಟಲಿಲ್ಲ. ಸಂಜೆ ಭಾರತಿ ಶಾಲೆಯಿಂದ ಬಂದು, ತಾತನನ್ನು ತಾಕದ ಹಾಗೆ ಬದಿಯಿಂದ ಸರಿದು ಒಳಗೆ ಹೋದಳು. ನಾನು ಸಿಂಧನೂರಿನ ಬಸ್ಸಿಗೆಂದು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಾಗ ತಾಟು ಪಡಸಾಲೆಯಲ್ಲಿ ಹಾಗೇ ಇತ್ತು. ಅದರ ಮುಂದೆ ಮಾವ ಕೂತಿದ್ದ. ಪುಂಡಿಪಲ್ಯ ಅವನ ಬೆರಳಲ್ಲೇ ಒಣಗಿತ್ತು.